ಹಗ್ಗದ ಶೆಡ್ಡಿಗೆ ಹೋಗಿ ಬನ್ನಿ

ಅಣ್ಣನ ಮದುವೆಗೆ ಮೊದಲು ನಮ್ಮಲ್ಲಿಗೆ ಬಂದ ಅತಿಥಿಗಳೆಲ್ಲ ಗುಡ್ಡ ಹತ್ತಿದವರೇ. ಹತ್ತದೆ ಅವರಿಗೆ ಗತಿಯಿರಲಿಲ್ಲ. ಮೇಲಿನ ಕೋಣೆಯಲ್ಲಿ ಚೀಲ ಇಟ್ಟು, ಮುಖ ತೊಳೆದು ಕೆಳಗಿಳಿದು ಬಂದು "ಇಲ್ಲಿ ನೋಡೋಕೆ ಏನೇನಿದೆ?" ಅಂತ ಯಾರು ಕೇಳಿದರೂ ಅಣ್ಣ ಕಿಟಕಿಯ ಕಡೆ ಕೈ ಮಾಡುತ್ತಿದ್ದ. "ಗುಡ್ಡ ಇದೆಯಲ್ಲ!" ಕೋಲೂರಿಕೊಂಡು ಬಂದ ಮುದುಕರಿಗೂ ಗುಡ್ಡ, ಕಂಕುಳಲ್ಲಿ ಕೂಸು ಎತ್ತಿಕೊಂಡ ತಾಯಿಗೂ ಗುಡ್ಡ. ಆ ಗುಡ್ಡಕ್ಕೆ ಮೆಟ್ಟಿಲು ಕಡಿದವರು ಅವನೂ ನಮ್ಮಪ್ಪನೂ. ಹಾಗಾಗಿ ಅದರ ಮೇಲೆ ಅವನಿಗೆ ಸ್ವಂತ ಮಗುವಿನ ಮೇಲಿನಷ್ಟು ಅಭಿಮಾನ. ಅಡುಗೆಮನೆಯಿಂದ ಅಮ್ಮ ಮಾತ್ರ ತನಗೆ ಕಂಡ ಸತ್ಯ ಹೇಳುತ್ತಿದ್ದಳು. "ನೋಡೋಕೆ ಏನಿದೆ ಮಣ್ಣು! ಊಟ ಮಾಡಿ ಮಲಕ್ಕೊಳ್ಳಿ."

ನಮ್ಮದು ಹಳೆಯ ಹಿಟ್ಟಿನ ಗಿರಣಿ. ಅಪ್ಪ ಇದ್ದಾಗ ಸುತ್ತಲಿನ ಹಳ್ಳಿಗಳ ಕಾಳೆಲ್ಲ ಇಲ್ಲೇ ಹಿಟ್ಟಾಗುತ್ತಿತ್ತು. ಅಪ್ಪ ಹೋದ ಮೇಲೆ ಗಿರಣಿಯೂ ನಿಂತಿತು. ವೈರಿಂಗ್ ಕೆಲಸ ಮಾಡುವ ಅಣ್ಣ, ಮೂಟೆಗಳನ್ನು ಪೇರಿಸಿಡುತ್ತಿದ್ದ ಮೇಲಂತಸ್ತನ್ನು ಎರಡು ಕೋಣೆ ಮಾಡಿ, ಹಳ್ಳಿಯಲ್ಲಿ ನಾಲ್ಕು ದಿನ ಇದ್ದು ಹೋಗೋಣ ಅಂತ ಬರುವವರಿಗೆ ಕೊಡತೊಡಗಿದ. ಹಾಸಿಗೆ, ತಿಂಡಿ, ಬಿಸಿನೀರು ನನ್ನ ಪಾಲಿನ ಕೆಲಸ. ಎಷ್ಟು ಸಲ ಬಣ್ಣ ಹೊಡೆದರೂ ಗೋಡೆಗೆ ಒರಗಿದವರ ಬೆನ್ನು ಬೆಳ್ಳಗಾಗುವುದು ತಪ್ಪಲಿಲ್ಲ. ಅವರು ಅದನ್ನು ಸುಣ್ಣ ಅಂದುಕೊಂಡು ಕೊಡವಿಕೊಳ್ಳುತ್ತಿದ್ದರು. ಇಟ್ಟಿಗೆಯ ಸಂದುಗಳಲ್ಲಿ ಕೂತುಬಿಟ್ಟ ಹಿಟ್ಟು ಅದು.

ನಾಲ್ಕು ದಿನಕ್ಕೆಂದು ಬಂದವರು ನಾಲ್ಕು ದಿನ ಇರುತ್ತಿರಲಿಲ್ಲ. ಗುಡ್ಡ ಇಳಿದು ಬಂದು, ನಾನು ಕೊಟ್ಟ ಬಿಸಿನೀರಿನ ಬಕೆಟ್ಟಿನಲ್ಲಿ ಕಾಲು ಇಳಿಬಿಟ್ಟುಕೊಂಡು "ತುಂಬಾ ಚೆನ್ನಾಗಿತ್ತು" ಅನ್ನುತ್ತಿದ್ದರು. ಮಾರನೆಯ ಬೆಳಿಗ್ಗೆ ಕುಂಟುತ್ತ ಬಸ್ಸು ಹತ್ತುತ್ತಿದ್ದರು.

ಆಮೇಲೆ ಅತ್ತಿಗೆ ಬಂದರು. ಪಟ್ಟಣದ ಚಪ್ಪಲಿ ಅಂಗಡಿಯಲ್ಲಿ ಮೋಟು ಸ್ಟೂಲಿನ ಮೇಲೆ ಕೂತು ವರ್ಷಗಟ್ಟಲೆ ಜನರ ಕಾಲಿಗೆ ಬೂಟು ತೊಡಿಸಿದವರು ಅವರು. ಅಣ್ಣ ಅವರನ್ನು ಕಂಡದ್ದೂ ಅಲ್ಲೇ. ಒಂದು ಜೊತೆ ತರಲು ಹೋದವನು ಮೇಲಿಂದ ಮೇಲೆ ಹೋಗಿ ಜೊತೆ ಮೇಲೆ ಜೊತೆ ತಂದು ಮಂಚದ ಕೆಳಗೆ ತುಂಬಿದಾಗ, "ಇವನಿಗೇನು ಕಾಲು ಹೆಚ್ಚಾಗ್ತಾ ಇದೆಯಾ?" ಅಂತ ಅಮ್ಮ ನನ್ನನ್ನು ಕೇಳಿದ್ದಳು.

ಅತ್ತಿಗೆ ಬಂದ ಹೊಸದರಲ್ಲಿ ಸೈಕಲ್ ಹತ್ತಿ ಹೊರಟರೆ ಊಟದ ಹೊತ್ತಿಗೇ ವಾಪಸ್ಸು. ಬೇಕರಿಯವನ ಹಿತ್ತಲು, ಜೇನು ಸಾಕುವ ಅಕ್ಕನ ತೋಟ, ರೈಲು ನಿಲ್ಲದ ಹಳೆಯ ಸ್ಟೇಷನ್ನು, ಹೊಳೆಯಲ್ಲಿ ನೀರು ಮೊಣಕಾಲಿಗಿಂತ ಮೇಲೆ ಬರದ ಜಾಗ, ಎಲ್ಲವನ್ನೂ ಸುತ್ತಿದರು. ಹೋದಲ್ಲೆಲ್ಲ ಕೂತು ಮಾತಾಡಿಸಿದರು. "ಹೊಸ ಸೊಸೆ ಊರೆಲ್ಲ ಗಸ್ತು ತಿರುಗ್ತಾಳಲ್ಲ" ಅಂತ ಅಮ್ಮ ಗೊಣಗಿದಳು. ಹಾಗೆ ಗೊಣಗಿದವಳೇ ಸಂಜೆ ಅವರ ಎದುರು ಕೂತು "ಆಮೇಲೆ? ಆಮೇಲೆ?" ಅಂತ ಸುದ್ದಿ ಕೇಳುತ್ತಿದ್ದಳು.

ಒಂದು ದಿನ ದಪ್ಪನೆಯ ಗಂಡ, ಸಣ್ಣನೆಯ ಹೆಂಡತಿ ಅತಿಥಿಗಳಾಗಿ ಬಂದರು. ಗಂಡನ ಕಾಲಲ್ಲಿ ಹೊಚ್ಚ ಹೊಸ ಬೂಟು. ಅಣ್ಣ ಕಿಟಕಿಯ ಕಡೆ ಕೈ ಎತ್ತಿದ್ದನಷ್ಟೆ, ಅತ್ತಿಗೆ ನಡುವೆ ಬಂದರು.

"ಗುಡ್ಡ ಎಲ್ಲಿಗೂ ಓಡಿಹೋಗಲ್ಲ. ಸಾರ್, ನಿಮ್ಮ ಬೂಟು ಎಡಗಾಲಿನ ಕಿರುಬೆರಳಿಗೆ ಕಚ್ತಾ ಇದೆ, ಅಲ್ವಾ?"

ಆತ ಹೆಂಡತಿಯ ಮುಖ ನೋಡಿದ. "ನಾನು ಇವಳಿಗೂ ಹೇಳಿಲ್ಲ. ನಿಮಗೆ ಹೇಗೆ ಗೊತ್ತಾಯ್ತು?"

"ಮೆಟ್ಟಿಲು ಇಳಿಯುವಾಗ ನೋಡಿದೆ. ಸೇತುವೆ ದಾಟಿದ ತಕ್ಷಣ ಬೇಕರಿ ಇದೆ. ಮುಂದಿನ ಬಾಗಿಲಿಗೆ ಹೋಗಬೇಡಿ, ಹಿತ್ತಲ ಕಡೆಯಿಂದ ಹೋಗಿ. ಅಲ್ಲಿ ಕಲ್ಲು ಬೆಂಚಿದೆ. ಒಲೆಯ ಬಿಸಿಗೆ ಬೆಂಚೂ ಬೆಚ್ಚಗಿರುತ್ತೆ. ಬೂಟು ಬಿಚ್ಚಿಟ್ಟು, ಅವನು ಬ್ರೆಡ್ಡು ತೆಗೆಯೋದು ನೋಡ್ತಾ ಕೂತ್ಕೊಳ್ಳಿ."

ಆ ಇಬ್ಬರೂ ಕತ್ತಲಾಗುವ ಹೊತ್ತಿಗೆ ಬೂಟು ಕೈಯಲ್ಲಿ ಹಿಡಿದುಕೊಂಡು, ಬರಿಗಾಲಲ್ಲಿ, ಶಾಲೆ ಬಿಟ್ಟ ಮಕ್ಕಳ ಹಾಗೆ ನಗುತ್ತ ಬಂದರು. ಹೊರಡುವ ದಿನವನ್ನು ಮುಂದಕ್ಕೆ ಹಾಕಿದರು.

ಅಲ್ಲಿಂದ ಅದೇ ರೂಢಿಯಾಯಿತು. ಅತ್ತಿಗೆ ಮೊದಲು ಕಾಲು ನೋಡುವರು, ಆಮೇಲೆ ಮುಖ, ಆಮೇಲೆ ಒಂದೆರಡು ಮಾತು. ನಂತರ ಎಲ್ಲಿಗೆ ಹೋಗಬೇಕು ಅಂತ ಹೇಳುವರು. ಒಬ್ಬರಿಗೆ ಹೇಳಿದ್ದನ್ನು ಇನ್ನೊಬ್ಬರಿಗೆ ಹೇಳಿದ್ದು ನಾನು ಕೇಳಲಿಲ್ಲ. ಸದಾ ಜಗಳವಾಡುತ್ತಿದ್ದ ಅಕ್ಕತಂಗಿಯರನ್ನು ಹೊಳೆಯ ಆಳವಿಲ್ಲದ ಜಾಗಕ್ಕೆ ಕಳಿಸಿದರು. ಪಾಚಿಕಲ್ಲಿನ ಮೇಲೆ ಒಬ್ಬರ ಕೈ ಒಬ್ಬರು ಹಿಡಿಯದೆ ದಾಟಲಾಗದ ಜಾಗ ಅದು. ಅಣ್ಣ ಮಾತ್ರ ಮುಖ ಸಣ್ಣದು ಮಾಡಿಕೊಂಡು ಓಡಾಡಿದ.

"ಗುಡ್ಡಕ್ಕೆ ಈಗ ಯಾರೂ ಹೋಗ್ತಾನೇ ಇಲ್ಲ" ಅಂದ ಒಂದು ದಿನ.

"ಗುಡ್ಡಕ್ಕೆ ತಕ್ಕ ಕಾಲು ಬರಲಿ, ಖಂಡಿತ ಕಳಿಸ್ತೀನಿ ರೀ" ಅಂದರು ಅತ್ತಿಗೆ. ಅವನನ್ನು ಸಮಾಧಾನ ಮಾಡಲು ಹೇಳಿದ ಮಾತು ಅಂತ ನಾನು ಅಂದುಕೊಂಡೆ.

ಊರಾಚೆ ಕಾಲುವೆಯ ಪಕ್ಕ ಹಗ್ಗದಜ್ಜನ ಶೆಡ್ಡು ಇದೆ. ಅಗಲ ಒಂದು ಕೋಣೆಯಷ್ಟು, ಉದ್ದ ಒಂದು ಬೀದಿಯಷ್ಟು. ಒಂದು ತುದಿಯಲ್ಲಿ ಕೊಕ್ಕೆಗಳಿರುವ ದೊಡ್ಡ ಚಕ್ರ. ಅಜ್ಜ ನಾರಿನ ಕಟ್ಟನ್ನು ಸೊಂಟಕ್ಕೆ ಸುತ್ತಿಕೊಂಡು, ಅದರ ತುದಿಯನ್ನು ಕೊಕ್ಕೆಗೆ ಸಿಕ್ಕಿಸಿ, ಬೆರಳ ಸಂದಿಯಿಂದ ನಾರು ಬಿಡುತ್ತ ಹಿಂದು ಹಿಂದಕ್ಕೆ ನಡೆಯುತ್ತಾರೆ. ಚಕ್ರ ತಿರುಗಿದಂತೆ ನಾರು ಹುರಿಗೊಂಡು ಎಳೆಯಾಗುತ್ತದೆ. ಮೊದಲೆಲ್ಲ ಅವರ ಹೆಂಡತಿ ಚಕ್ರ ತಿರುಗಿಸುತ್ತಿದ್ದರು. ಆ ಅಜ್ಜಿ ತೀರಿಕೊಂಡ ಮೇಲೆ ಅಣ್ಣನೇ ಹೋಗಿ ಮೋಟಾರು ಕೂರಿಸಿಕೊಟ್ಟಿದ್ದ. ಆಮೇಲೆ ಅಜ್ಜ ಮಾತಿನ ಅಗತ್ಯವೇ ಇಲ್ಲ ಅನ್ನುವವರ ಹಾಗೆ ಇದ್ದುಬಿಟ್ಟಿದ್ದರು.

ಅತ್ತಿಗೆ ಅವರನ್ನು ಮೊದಲ ಸಲ ಕಂಡದ್ದು ಅಂಗಡಿಯ ಸಾಲಿನಲ್ಲಿ. ಮನೆಗೆ ಬಂದವರೇ ನನ್ನನ್ನು ಹಿಡಿದು ನಿಲ್ಲಿಸಿ, "ಎಲ್ಲರಿಗೂ ಚಪ್ಪಲಿ ಹಿಮ್ಮಡಿ ಹತ್ರ ಸವೆಯುತ್ತೆ. ಒಬ್ಬ ಅಜ್ಜನದು ಬೆರಳ ಹತ್ರ ಸವೆದು ಹಾಳೆ ಆಗಿದೆ ಕಣೇ! ಹಿಮ್ಮಡಿ ಮಾತ್ರ ಅಂಗಡಿಯಿಂದ ತಂದ ಹಾಗೇ ಇದೆ. ಯಾರವರು?" ಅಂತ ಕೇಳಿದ್ದರು. ಆಮೇಲೆ ದಿನವೂ ಕಾಲುವೆಯ ಆಚೆ ದಡದಲ್ಲಿ ನಿಂತು ಅವರ ಕೆಲಸ ನೋಡಿ ಬರುತ್ತಿದ್ದರು. "ಎಂಥ ನಡಿಗೆ ಅಂತೀ! ಒಂದ್ಸಲಾನೂ ಹಿಂದಕ್ಕೆ ತಿರುಗಿ ನೋಡಲ್ಲ."

ಆ ಹುರುಪಿನಲ್ಲೇ ಒಂದು ದಿನ, ಮೇಲಿನ ಕೋಣೆಗಳಲ್ಲಿ ಇಳಿದುಕೊಂಡಿದ್ದ ಹುಡುಗರ ಗುಂಪಿಗೆ "ಹಗ್ಗದ ಶೆಡ್ಡಿಗೆ ಹೋಗಿ ಬನ್ನಿ, ಅಂಥದ್ದನ್ನ ನೀವು ಬೇರೆಲ್ಲೂ ನೋಡಲ್ಲ" ಅಂದರು.

ಹುಡುಗರು ಹೋದರು. ಕೆಟ್ಟವರೇನಲ್ಲ. ಫೋನು ಹಿಡಿದು ವಿಡಿಯೋ ಮಾಡಿದರು, ನಕ್ಕರು. ಅವರಲ್ಲೊಬ್ಬ ಅಜ್ಜನ ಹಿಂದೆ ನಿಂತು, ಅವರ ಹಾಗೆಯೇ ಹಿಂದು ಹಿಂದಕ್ಕೆ ನಡೆದು ತೋರಿಸಿದ. ನಡುವೆ ನಗು ತಡೆಯಲಾರದೆ ನಿಂತುಬಿಟ್ಟ. ಅಜ್ಜ ಬಂದು ಅವನಿಗೆ ಡಿಕ್ಕಿ ಹೊಡೆದು, ಎಳೆ ಕಿತ್ತು, ಮಗ್ಗುಲಾಗಿ ಬಿದ್ದರು.

ಮಾರನೆಯ ಬೆಳಿಗ್ಗೆ ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಂಡು ಅಜ್ಜ ನಮ್ಮ ಬಾಗಿಲಿಗೆ ಬಂದರು. ಒಳಗೆ ಕರೆದರೂ ಬರಲಿಲ್ಲ.

"ನೀನೇ ಏನಮ್ಮಾ ಕಳಿಸಿದ್ದು?"

"ಹೌದಜ್ಜಾ" ಅಂದರು ಅತ್ತಿಗೆ.

"ಹಿಂದೆ ಯಾರೂ ಇರಲ್ಲ ಅಂತ ನಂಬ್ಕೊಂಡು ನಡೆಯೋ ಕೆಲಸ ನಂದು. ಆ ನಂಬಿಕೆ ಇಲ್ದಿದ್ರೆ ಒಂದು ಮಾರು ಹಗ್ಗ ಆಗಲ್ಲ. ಈಗ ನಡೆಯುವಾಗ ಬೆನ್ನು ಜುಮ್ ಅನ್ನುತ್ತೆ." ಅವರ ದನಿ ಏರಲೇ ಇಲ್ಲ. "ನೀನು ನೋಡೋಕೆ ಕಳಿಸ್ದೆ. ನೋಡಿಸ್ಕೊಳ್ಳೋನನ್ನ ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ?"

ಅಣ್ಣ "ಅಜ್ಜಾ, ಅವಳು ಒಳ್ಳೇದಕ್ಕೇ..." ಅಂತ ಶುರು ಮಾಡಿದ. ಅತ್ತಿಗೆ ಅವನ ತೋಳು ಮುಟ್ಟಿ ತಡೆದರು. "ಕೇಳ್ಬೇಕಿತ್ತು ಅಜ್ಜಾ. ಕೇಳ್ಲಿಲ್ಲ" ಅಂದರು. ಅಜ್ಜ ತಿರುಗಿ ಹೋದರು.

ಅಂದಿನಿಂದ ಯಾರು ಏನು ಕೇಳಿದರೂ ಅತ್ತಿಗೆ "ಇವರನ್ನ ಕೇಳಿ" ಅಂತ ಅಣ್ಣನ ಕಡೆ ತೋರಿಸತೊಡಗಿದರು. ಮತ್ತೆ ಗುಡ್ಡ, ಮತ್ತೆ ಬಿಸಿನೀರಿನ ಬಕೆಟ್ಟು. ಗೆದ್ದ ಅಣ್ಣನ ಮುಖದಲ್ಲಿ ಸಂತೋಷವೇ ಇರಲಿಲ್ಲ.

ಅತ್ತಿಗೆ ಬೆಳಿಗ್ಗೆ ಬೆಳಿಗ್ಗೆ ಎಲ್ಲಿಗೋ ಹೋಗುತ್ತಿದ್ದರು. ಬಂದಾಗ ಅಂಗೈಯಲ್ಲಿ ಬೊಬ್ಬೆ. ಒತ್ತಾಯ ಮಾಡಿ ಕೇಳಿದ ಮೇಲೆ ಹೇಳಿದರು. ಕ್ಷಮೆ ಕೇಳೋಣ ಅಂತ ಶೆಡ್ಡಿಗೆ ಹೋಗಿದ್ದರಂತೆ. ಅಜ್ಜ ಒಂದು ಕೈಯಲ್ಲಿ ನಾರು ಬಿಡಲು ಒದ್ದಾಡುತ್ತಿದ್ದರಂತೆ. ಮೋಟಾರು ತನ್ನ ಪಾಡಿಗೆ ಒಂದೇ ವೇಗದಲ್ಲಿ ತಿರುಗಿ ಎಳೆಯನ್ನು ಗಂಟು ಹಾಕುತ್ತಿತ್ತಂತೆ. ಅತ್ತಿಗೆ ಹೋಗಿ ಸ್ವಿಚ್ಚು ಆರಿಸಿ, ಚಕ್ರದ ಹಿಡಿ ಹಿಡಿದು ನಿಂತರಂತೆ. ಅಜ್ಜ ಬೈಯಲೂ ಇಲ್ಲ, ಬಾ ಅನ್ನಲೂ ಇಲ್ಲ. ನಡೆಯತೊಡಗಿದರಂತೆ.

"ಮೊದಲು ಬರೀ ಕಿತ್ತು ಹೋಗ್ತಿತ್ತು. ಅವರ ಕೈ ನೋಡಿ ತಿರುಗಿಸ್ತಿದ್ದೆ. ಆಮೇಲೆ ಕಾಲು ನೋಡಿದೆ ನೋಡು, ತಪ್ಪಲೇ ಇಲ್ಲ. ಅವರ ಹೆಜ್ಜೆ ಹೇಗೋ ಹಾಗೇ ಚಕ್ರ."

"ಏನಾದ್ರೂ ಮಾತಾಡಿದ್ರಾ?"

"ಇವತ್ತು ಮಾತಾಡಿದ್ರು. 'ನಾಳೆ ಕೈಗೆ ಬಟ್ಟೆ ಸುತ್ಕೊಂಡು ಬಾ' ಅಂದ್ರು." ಅದನ್ನು ಹೇಳುವಾಗ ಅವರ ಮುಖ ನೋಡಬೇಕಿತ್ತು. ದೊಡ್ಡ ಬಹುಮಾನ ಗೆದ್ದವರ ಹಾಗಿದ್ದರು.

ಅಜ್ಜನ ಕೈ ವಾಸಿಯಾಗುವ ತನಕ ಅತ್ತಿಗೆ ತಪ್ಪದೆ ಹೋದರು. ಆಮೇಲೆ ಮತ್ತೆ ಸೈಕಲ್ ಹತ್ತಿ, ಇಷ್ಟು ದಿನ ಅತಿಥಿಗಳನ್ನು ಕಳಿಸಿದ್ದ ಪ್ರತಿಯೊಬ್ಬರ ಮನೆಗೂ ಹೋದರು. ಈ ಸಲ ಕೇಳಲಿಕ್ಕೆ. ಕಳಿಸಲೇ ಬೇಡವೇ, ಕಳಿಸುವುದಾದರೆ ಯಾವಾಗ, ಯಾರನ್ನ? ಬೇಕರಿಯವನು "ಹಸಿದಿರೋರನ್ನ ಮಾತ್ರ ಕಳಿಸಿ. ಹೊಟ್ಟೆ ತುಂಬಿದೋರು ಬರೀ ಪ್ರಶ್ನೆ ಕೇಳ್ತಾರೆ" ಅಂದ. ಜೇನಿನ ಅಕ್ಕ "ಸೆಂಟು ಹಾಕ್ಕೊಂಡು ಬರೋರು ಬೇಡ, ನನಗಲ್ಲ, ನನ್ನ ಹುಳಗಳಿಗೆ ಆಗಲ್ಲ" ಅಂದರು. ಹಳೆಯ ಸ್ಟೇಷನ್ನಿನಲ್ಲಿ ಒಂಟಿಯಾಗಿ ವಾಸವಿದ್ದ ಮಾಸ್ತರರು ನೇರವಾಗಿ "ಯಾರೂ ಬೇಡಮ್ಮ" ಅಂದರು. ಅತ್ತಿಗೆ ಆ ಸ್ಟೇಷನ್ನಿನ ಹೆಸರನ್ನು ಮತ್ತೆ ಯಾವ ಅತಿಥಿಯ ಮುಂದೆಯೂ ಎತ್ತಲಿಲ್ಲ. ಕೊನೆಗೆ ಹಗ್ಗದಜ್ಜ. "ನೋಡೋಕೆ ಯಾರೂ ಬೇಡ" ಅಂದರು. ಚಕ್ರದ ಹಿಡಿಯ ಮೇಲೆ ಕೈಯಿಟ್ಟು, "ತಿರುಗಿಸೋಕೆ ಬೇಕಾದ್ರೆ ಬರಲಿ. ನೀನು ಕಾಲು ನೋಡಿ ಕಳಿಸು" ಅಂದರು.

ಅಂಥ ಕಾಲು ಬಹಳ ದಿನ ಬರಲಿಲ್ಲ.

ಹಾಗಿರುವಾಗ ಒಬ್ಬ ಹಿರಿಯರು ಹೆಂಡತಿಯ ಜೊತೆ ಬಂದು ಇಳಿದುಕೊಂಡರು. ವಿಶ್ರಾಂತಿಗೆ ಅಂತ ಬಂದವರು. ಆದರೆ ಆ ಹಿರಿಯರು ಕೂತದ್ದನ್ನೇ ನಾನು ಕಾಣೆ. ಬೆಳಕು ಹರಿಯುವ ಮುಂಚೆಯೇ ಎದ್ದು, ಸ್ನಾನ ಮಾಡಿ, ಇಸ್ತ್ರಿ ಶರಟು ಹಾಕಿಕೊಂಡು ಗೇಟಿನ ಹತ್ತಿರ ನಿಲ್ಲುವರು. ಒಳಗೆ ಬಂದು ಗಡಿಯಾರ ನೋಡುವರು. ಮತ್ತೆ ಗೇಟು. ನಾನು ಚಹಾ ಕೊಟ್ಟರೆ ನಿಂತೇ ಕುಡಿದು ಲೋಟ ಕೊಡುವರು. ಹೆಂಡತಿ ನನ್ನ ಹತ್ತಿರ ಮೆಲ್ಲಗೆ ಹೇಳಿದರು, "ಕೆಲಸ ಬಿಟ್ಟಾಗಿನಿಂದ ಹೀಗೇ ಕಣಮ್ಮ. ನಾನು ಎಲ್ಲಿ ನಿಂತ್ರೂ ಅಲ್ಲಿ ಬಂದು ನಿಲ್ತಾರೆ. ಅವರನ್ನ ಬಿಟ್ಟು ಹೋದ್ರೆ ಏನಾದ್ರೂ ಅಂದ್ಕೋತಾರೆ ಅಂತ ನಾನೂ ಕೂತಿದ್ದೀನಿ."

ತಿಂಡಿಯ ಹೊತ್ತಿಗೆ ಆ ಹಿರಿಯರು ಅತ್ತಿಗೆಯನ್ನು ಕೇಳಿದರು. "ಇಲ್ಲಿ ಮಾಡೋಕೆ ಏನಿದೆ?"

ನೋಡೋಕೆ ಅನ್ನಲಿಲ್ಲ. ಮಾಡೋಕೆ ಅಂದರು. ಅತ್ತಿಗೆ ತಟ್ಟೆ ಕೆಳಗಿಟ್ಟು ಬಾಗಿಲ ಪಕ್ಕ ಬಿಚ್ಚಿಟ್ಟಿದ್ದ ಅವರ ಬೂಟನ್ನು ಎತ್ತಿ ತಿರುಗಿಸಿ ನೋಡಿದರು. ಎಡಗಾಲಿನ ಅಟ್ಟೆ ಗಟ್ಟಿಯಾಗಿತ್ತು. ಬಲಗಾಲಿನದು ನಡುಭಾಗದಲ್ಲಿ ಸವೆದು ಹೊಳೆಯುತ್ತಿತ್ತು.

"ಓಡಿಸ್ತಿದ್ದದ್ದು ಬಸ್ಸಾ, ಲಾರೀನಾ?" ಅಂತ ಕೇಳಿದರು ಅತ್ತಿಗೆ.

ಹಿರಿಯರ ಬೆನ್ನು ನೆಟ್ಟಗಾಯಿತು. "ಬಸ್ಸು. ಮೊದಲಿಂದ ಕೊನೇ ತನಕ ಬಸ್ಸೇ."

ಅತ್ತಿಗೆ ಸೈಕಲ್ ಹತ್ತಿ ಹೋಗಿ, ಅಜ್ಜನನ್ನು ಕೇಳಿ ಬಂದರು. ಆಮೇಲೆ ಡ್ರೈವರ್ ಯಜಮಾನರನ್ನು ಕರೆದುಕೊಂಡು ಶೆಡ್ಡಿಗೆ ನಡೆದರು. ಹೊರಡುವ ಮುಂಚೆ ಅವರ ಹೆಂಡತಿಯ ಕಾಲು ನೋಡಿದರು. ಚಿಕ್ಕ, ಗಟ್ಟಿ ಕಾಲು. ಅದರಲ್ಲಿ ದಾರ ಬಿಗಿದು ಕಟ್ಟಿದ, ಚೆನ್ನಾಗಿ ಪಳಗಿದ ನಡಿಗೆಯ ಬೂಟು. ಅತ್ತಿಗೆ ಅಣ್ಣನ ಕಡೆ ತಿರುಗಿದರು.

"ರೀ, ಇವರನ್ನ ಗುಡ್ಡಕ್ಕೆ ಕರ್ಕೊಂಡು ಹೋಗಿ."

ಅಣ್ಣ ಕೈಯಲ್ಲಿದ್ದ ಟೆಸ್ಟರನ್ನು ಅಲ್ಲೇ ಎಸೆದು ಎದ್ದ.

ಶೆಡ್ಡಿನಲ್ಲಿ ನಡೆದದ್ದನ್ನು ಅತ್ತಿಗೆ ಅಂದು ಸಂಜೆ ಎರಡೆರಡು ಸಲ ಹೇಳಿದರು. ಅಮ್ಮನಿಗೆ ಸಾಕೇ ಆಗಿರಲಿಲ್ಲ. ಇಬ್ಬರು ಯಜಮಾನರೂ ಮೊದಲು ಒಬ್ಬರನ್ನೊಬ್ಬರು ಮೇಲಿಂದ ಕೆಳಗೆ ನೋಡಿದರಂತೆ.

"ಈ ಗಾಡಿ ಯಾವ ಕಡೆ ಹೋಗುತ್ತೆ?" ಅಂದರಂತೆ ಡ್ರೈವರು.

"ಹಿಂದಕ್ಕೆ" ಅಂದರಂತೆ ಅಜ್ಜ.

"ಪೂರ್ತೀ?"

"ಪೂರ್ತಿ."

"ಹಿಂದೆ ನೋಡ್ಕೊಳ್ಳೋಕೆ ಯಾರಿದ್ದಾರೆ?"

ಅಜ್ಜ ನಾರಿನ ಕಟ್ಟನ್ನು ಸೊಂಟಕ್ಕೆ ಸುತ್ತಿಕೊಂಡರಂತೆ. ಡ್ರೈವರು ಕೋಟು ಬಿಚ್ಚಿ ಮೊಳೆಗೆ ನೇತುಹಾಕಿ, ಹಿಡಿ ಹಿಡಿದು, ಎಂಜಿನ್ನು ಪರೀಕ್ಷಿಸುವವರ ಹಾಗೆ ಚಕ್ರವನ್ನು ಸ್ವಲ್ಪ ಆಚೆ ಈಚೆ ಆಡಿಸಿ ನೋಡಿದರಂತೆ. ತಿರುಗಿಸತೊಡಗಿದರು. ಅಜ್ಜ ನಡೆಯತೊಡಗಿದರು. ಆ ಹುಡುಗ ಹಿಂದೆ ನಿಂತ ಜಾಗ ಬಂದಾಗ ಅಜ್ಜನ ಹೆಜ್ಜೆ ಎಂದಿನಂತೆ ಅನುಮಾನಿಸಿತು. ಬಿದ್ದ ದಿನದಿಂದ ಪ್ರತಿ ಸಲವೂ ಅಲ್ಲಿ ಹಾಗಾಗುತ್ತಿತ್ತು ಅಂತ ಅತ್ತಿಗೆಗೆ ಗೊತ್ತಿತ್ತು. ಡ್ರೈವರಿಗೆ ಅದೇನೂ ಗೊತ್ತಿಲ್ಲ. ಆದರೆ ಹಿಂದಕ್ಕೆ ಬರುವ ಗಾಡಿ ತಡವರಿಸಿದ್ದು ಕಂಡಿತು. ಕಂಡಕ್ಟರುಗಳು ಬಸ್ಸಿನ ಹಿಂಬದಿಗೆ ಬಡಿದು ತಮಗೆ ಕೂಗಿ ಹೇಳುತ್ತಿದ್ದದ್ದನ್ನು ಅವರು ಗಂಟಲು ಬಿಚ್ಚಿ ಕೂಗಿಬಿಟ್ಟರು.

"ಬರಲಿ, ಬರಲಿ, ಬರಲಿ! ಹಿಂದೆ ಖಾಲಿ ಇದೆ, ಬರಲಿ!"

ಅಜ್ಜನ ಕಾಲು ನಿಂತಿತು. ಎಳೆ ಕಿತ್ತುಹೋಯಿತು. ಅಜ್ಜ ಸೊಂಟದ ಮೇಲೆ ಕೈಯಿಟ್ಟುಕೊಂಡು ನಕ್ಕರಂತೆ. ನಕ್ಕು ನಕ್ಕು ಕೆಮ್ಮು ಬಂದು, ಕೆಮ್ಮಿ ಮತ್ತೆ ನಕ್ಕರಂತೆ. ಅತ್ತಿಗೆ ಇದನ್ನು ಹೇಳುವಾಗ ಸೆರಗಿನಿಂದ ಕಣ್ಣೊರೆಸಿಕೊಂಡರು. "ಎಳೆ ಕಿತ್ತು ಹೋದಾಗೆಲ್ಲ ನನ್ನನ್ನ ಹೇಗೆ ದುರುಗುಟ್ಟಿ ನೋಡ್ತಿದ್ರು ಗೊತ್ತಾ ಆ ಅಜ್ಜ! ಇವರ ಮೇಲೆ ಕೋಪಾನೇ ಇಲ್ಲ."

ಮಧ್ಯಾಹ್ನದ ಊಟಕ್ಕೂ ಡ್ರೈವರು ಬರಲಿಲ್ಲ. ನಾನು ಡಬ್ಬಿಯಲ್ಲಿ ಊಟ ಕೊಂಡುಹೋದೆ. ಶೆಡ್ಡಿನ ಒಳಗೆ ಕಾಲಿಡಲು ಭಯವಾಗಿ ಬಾಗಿಲಲ್ಲೇ ನಿಂತೆ. ಆ ಉದ್ದನೆಯ ನೆರಳಿನಲ್ಲಿ ಒಂದು ತುದಿಯಿಂದ "ಬರಲಿ, ಬರಲಿ" ಅನ್ನುವ ಕೂಗು, ಇನ್ನೊಂದು ತುದಿಗೆ ಬೆನ್ನು ಮಾಡಿಕೊಂಡು ಹಿಂದು ಹಿಂದಕ್ಕೆ ಹೋಗುವ ಅಜ್ಜ. ನಡುವೆ ಬಿಗಿಯಾಗಿ ನಡುಗುವ ಎಳೆ. ಕೊನೆ ಮುಟ್ಟಿದಾಗ ಡ್ರೈವರು ಗಂಭೀರವಾಗಿ "ಹೋಲ್ಡಾನ್" ಅಂದರು. ಅಜ್ಜ ನಿಂತರು.

ಇತ್ತ ಗುಡ್ಡದಿಂದ ಡ್ರೈವರ್ ಯಜಮಾನರ ಹೆಂಡತಿ ಕೆನ್ನೆ ಕೆಂಪಾಗಿಸಿಕೊಂಡು ಇಳಿದು ಬಂದರು. ಹಿಂದೆ ಏದುಸಿರು ಬಿಡುತ್ತ ಅಣ್ಣ. "ಅವರು ನಿಲ್ಲೋದೇ ಇಲ್ಲ ಕಣೇ! ಮೇಲೆ ಹೋಗಿ ಇನ್ನೊಂದು ಗುಡ್ಡ ಇದೆಯಾ ಅಂತ ಕೇಳಿದ್ರು" ಅಂದ. ಆ ದಿನ ಬಿಸಿನೀರಿನ ಬಕೆಟ್ಟು ಬೇಕಾದದ್ದು ಅಣ್ಣನಿಗೆ. ಕಾಲು ಇಳಿಬಿಟ್ಟುಕೊಂಡು ಕೂತವನ ಮುಖದಲ್ಲಿ ಬಹಳ ದಿನದ ಮೇಲೆ ಬೆಳಕಿತ್ತು.

ಸಂಜೆ ಗಂಡಹೆಂಡತಿ ನಮ್ಮ ಜಗಲಿಯ ಮೇಲೆ ಕೂತರು. ಹೌದು, ಯಜಮಾನರು ಕೂತರು! ಒಬ್ಬರ ಮಾತು ಮುಗಿಯುವ ಮುಂಚೆ ಇನ್ನೊಬ್ಬರು ಶುರು ಮಾಡುತ್ತಿದ್ದರು. ಬೆಳಗಿನಿಂದ ಬೇರೆ ಬೇರೆ ಕಡೆ ಇದ್ದದ್ದರಿಂದ ಹೇಳಿಕೊಳ್ಳಲು ಅಷ್ಟೊಂದು ಇತ್ತು. ಒಳಗೆ ಅತ್ತಿಗೆ ಈರುಳ್ಳಿ ಹೆಚ್ಚುತ್ತ ಕಿವಿ ಅತ್ತಲೇ ಕೊಟ್ಟಿದ್ದರು. ಅಮ್ಮ ಅವರನ್ನೇ ನೋಡುತ್ತಿದ್ದಳು. ಹೊಗಳುವುದು ಅಮ್ಮನ ಜಾಯಮಾನವಲ್ಲ. ಎದ್ದು ಹೋಗಿ ಸೊಸೆಯ ಕೈಯಿಂದ ಚಾಕು ತೆಗೆದುಕೊಂಡು, "ಕೈಯೆಲ್ಲ ಬೊಬ್ಬೆ ಮಾಡ್ಕೊಂಡಿದ್ದೀಯ, ಕೊಡು ಇಲ್ಲಿ. ನೀನು ಹೋಗಿ ಅವರ ಜೊತೆ ಕೂತ್ಕೋ" ಅಂದಳು. ಆ ಬೊಬ್ಬೆಗಳು ಮಾಯ್ದು ಎಷ್ಟೋ ದಿನವಾಗಿತ್ತು.

ಆ ದಂಪತಿ ಅಂದುಕೊಂಡದ್ದಕ್ಕಿಂತ ಎಷ್ಟೋ ಹೆಚ್ಚು ದಿನ ಇದ್ದರು. ಈಗಲೂ ವರ್ಷದಲ್ಲಿ ಎರಡು ಮೂರು ಸಲ ಬರುತ್ತಾರೆ. ಬಂದ ದಿನ ಕೋಣೆಗೆ ಚೀಲ ಸೇರುವ ಮುಂಚೆ ಒಬ್ಬರು ಕಾಲುವೆಯ ಕಡೆ, ಇನ್ನೊಬ್ಬರು ಗುಡ್ಡದ ಕಡೆ.

ಅವರು ಮೊದಲ ಸಲ ಬಂದು ಹೋದ ಮೇಲೆ ಒಂದು ಬೆಳಿಗ್ಗೆ ಹಗ್ಗದಜ್ಜ ನಮ್ಮ ಬಾಗಿಲಿಗೆ ಬಂದರು. ನಾನು ಒಗೆದ ಹಾಸುಬಟ್ಟೆಗಳನ್ನು ಹಗ್ಗದ ಮೇಲೆ ಹರವುತ್ತಿದ್ದೆ. ಅಜ್ಜ ಮೇಲಿನ ಕಿಟಕಿಗಳ ಕಡೆ ಕತ್ತೆತ್ತಿ ನೋಡಿದರು.

"ಯಾರೂ ಬಂದಿಲ್ವಾ?"

"ಈ ವಾರ ಯಾರೂ ಇಲ್ಲ ಅಜ್ಜಾ" ಅಂದರು ಅತ್ತಿಗೆ. "ನಾನೇ ಬರಲಾ?"

ಅಜ್ಜ ನನ್ನ ಕಡೆ ಬೆರಳು ತೋರಿಸಿದರು. "ಇವಳು?"

ಅತ್ತಿಗೆ ನನ್ನ ಕಾಲು ನೋಡಿದರು. ನಾನು ನಾಚಿ ಒಂದು ಪಾದದ ಮೇಲೆ ಇನ್ನೊಂದು ಇಟ್ಟುಕೊಂಡೆ. ಅವರು ನಕ್ಕು, ನನ್ನ ತೋಳಿನ ಮೇಲಿದ್ದ ಒದ್ದೆ ಬಟ್ಟೆಗಳನ್ನೆಲ್ಲ ತಮ್ಮ ಹೆಗಲಿಗೆ ಹಾಕಿಕೊಂಡರು.

"ಹೋಗಿ ಬಾ. ಇದನ್ನ ನಾನು ನೋಡ್ಕೋತೀನಿ."

ಅಜ್ಜ ಆಗಲೇ ಗೇಟು ದಾಟಿದ್ದರು. ಹಿಂದೆ ನಾನು ಬರುತ್ತಿದ್ದೇನೋ ಇಲ್ಲವೋ ಅಂತ ತಿರುಗಿ ನೋಡಲಿಲ್ಲ. ನಾನು ಕೈ ಒರೆಸಿಕೊಂಡು ಓಡಿದೆ.